ಫೈಲಿನೊಳಗೆ ಇಲ್ಲದ ವಿಡಿಯೋ

ನಿವೃತ್ತನಾದ ಮೇಲೆ ನಾನು ಕಲಿತ ಒಂದೇ ಹೊಸ ವಿದ್ಯೆ ವಿಡಿಯೋ ಎಡಿಟಿಂಗ್. ಕಲಿತದ್ದು ಹೆಂಡತಿ ತೀರಿಕೊಂಡ ಮೇಲೆ, ಅವಳಿಗಾಗಿಯೇ. ಹಾಗಂತ ಯಾರೂ ಮರುಗಬೇಕಾಗಿಲ್ಲ. ನಾನು ಮಾಡಿದ ಘನಕಾರ್ಯ ಕೇಳಿದರೆ ಬೈಯಬೇಕು ಅನಿಸುತ್ತದೆ.

ದೆಹಲಿಯ ಜನಕಪುರಿಯ ಎರಡನೇ ಮಹಡಿಯ ಫ್ಲ್ಯಾಟಿನಲ್ಲಿ ಈಗ ನಾನೊಬ್ಬನೇ. ಮಗಳು ಫರೀದಾಬಾದಿನಲ್ಲಿದ್ದಾಳೆ. ಹತ್ತಿರವೇ ಅಲ್ಲವೇ ಅನ್ನುತ್ತಾರೆ ಎಲ್ಲರೂ. ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಹಾಲಿನವನ ಹತ್ತಿರ ಹಿಂದಿ, ಪಾರ್ಕಿನಲ್ಲಿ ಹಿಂದಿ, ಬ್ಯಾಂಕಿನಲ್ಲಿ ಹಿಂದಿ. ಕೆಲವು ವಾರ ಬಾಯಿಂದ ಒಂದು ಕನ್ನಡ ಪದವೂ ಹೊರಡದೆ ಕಳೆದುಹೋಗುತ್ತಿತ್ತು. ಬೇಳೆ ಉಕ್ಕಿದಾಗ ಅಂದ "ಅಯ್ಯೋ" ಬಿಟ್ಟರೆ.

ನನ್ನ ಫೋನಿನಲ್ಲಿ ಹೆಂಡತಿಯ ಹದಿನೇಳು ವಿಡಿಯೋಗಳಿದ್ದವು. ಎಲ್ಲವೂ ಬಾಲ್ಕನಿಯವು. ಬೆಳಿಗ್ಗೆ ತರಕಾರಿ ಗಾಡಿ ಬಂದಾಗ ಅವಳು ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟು ಮೇಲಿಂದಲೇ ವ್ಯಾಪಾರ ಮಾಡುತ್ತಿದ್ದಳು. ದೆಹಲಿಯಲ್ಲಿ ಮೂವತ್ತು ವರ್ಷ ಕಳೆದರೂ ಅವಳ ಹಿಂದಿ ಅವಳದೇ. "ಭಯ್ಯಾ, ಯೇ ಬೀನ್ಸ್ ಎಳೇದು ಹೈ ಕ್ಯಾ? ಬಲಿತದ್ದು ಮತ್ ಡಾಲೋ!" ಗಾಡಿಯವನಿಗೆ ಎಳೇದು, ಬಲಿತದ್ದು ಎರಡೂ ಚೆನ್ನಾಗಿ ಅರ್ಥವಾಗುತ್ತಿದ್ದವು. ನಾನು ಪಕ್ಕದಲ್ಲಿ ನಿಂತು ನಗುತ್ತಾ ವಿಡಿಯೋ ಹಿಡಿಯುತ್ತಿದ್ದೆ. ಯಾರಿಗೂ ಕಳಿಸಕೂಡದು ಅಂತ ಆಣೆ ಹಾಕಿಸಿಕೊಂಡಿದ್ದಳು, ಕಳಿಸಿರಲಿಲ್ಲ.

ವರ್ಷಾಬ್ದಿಕ ಹತ್ತಿರ ಬಂದಾಗ ಮಗಳು ಫೋನಿನಲ್ಲಿ, "ಅಪ್ಪ, ಅಮ್ಮನ ಫೋಟೋ ಬೇಕಾದಷ್ಟಿದೆ, ಆವಾಜ್ ಮಾತ್ರ ಎಲ್ಲೂ ಇಲ್ಲ" ಅಂದಳು. ನನ್ನ ಹತ್ತಿರ ಇದೆ, ಎಲ್ಲ ಪೋಣಿಸಿ ಒಂದು ಸಿನಿಮಾ ಮಾಡಿ ಆ ದಿನ ತೋರಿಸುತ್ತೇನೆ ಅಂತ ಜಂಬದಿಂದ ಒಪ್ಪಿಕೊಂಡೆ. ಮಗಳ ಮುಂದೆ ಆಣೆ ಮುರಿದರೆ ಹೆಂಡತಿ ಏನೂ ಅಂದುಕೊಳ್ಳಲಾರಳು.

ಅಳಿಯ ತನ್ನ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಅನ್ನುವ ತಂತ್ರಾಂಶ ಹಾಕಿ ಕೊಟ್ಟಿದ್ದ. ಧರ್ಮಕ್ಕೆ ಸಿಗುತ್ತದೆ, ಯಾರು ಬೇಕಾದರೂ ಒಳಗೆ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು ಅಂದ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಜೀವಮಾನವಿಡೀ ಗುಮಾಸ್ತನಾಗಿದ್ದವನಿಗೆ, ಯಾರ ಸಹಿಯೂ ಇಲ್ಲದೆ ಕೈಗೆ ಬರುವ ವಸ್ತುವಿನ ಮೇಲೆ ನಂಬಿಕೆ ಬರುವುದು ಕಷ್ಟ. ಆದರೂ ಎಡಿಟಿಂಗ್ ತಂತ್ರಾಂಶ ಪುಕ್ಕಟೆಯಾಗಿಯೇ ಬಂದು ಕೂತಿತು. ತೆರೆದರೆ ಕೆಳಗೆ ಉದ್ದಕ್ಕೊಂದು ಪಟ್ಟಿ, ಟೈಮ್‌ಲೈನ್ ಅಂತ ಅದರ ಹೆಸರು. ವಿಡಿಯೋಗಳನ್ನು ಅದರ ಮೇಲೆ ಸಾಲಾಗಿ ಇಟ್ಟು ಬೇಡದ್ದನ್ನು ಕತ್ತರಿಸಬೇಕು. ಮೊದಲ ದಿನ ಬಾಯಿ ಆಡಿಸುವವಳು ಅವಳು, ಕೇಳಿಸುವ ದನಿ ಗಾಡಿಯವನದು. ಸಿಟ್ಟು ಬಂದು ಲ್ಯಾಪ್‌ಟಾಪ್ ಮುಚ್ಚಿ ಎದ್ದುಹೋದೆ.

ಹಾಗೂ ಹೀಗೂ ಕಲಿತೆ. ದಿನಾ ಬೆಳಿಗ್ಗೆ ಹತ್ತಕ್ಕೆ ಕಚೇರಿಯಲ್ಲಿ ಕೂತಂತೆ ಕೂರುತ್ತಿದ್ದೆ. ಸ್ಕೂಟರುಗಳ ಸದ್ದಿನಲ್ಲಿ ಅವಳ ಮಾತು ಮುಳುಗುತ್ತದೆ ಅಂತ, ಆಡಿದ ಪ್ರತಿ ಮಾತನ್ನೂ ಪರದೆಯ ಕೆಳಗೆ ಕನ್ನಡದಲ್ಲಿ ಟೈಪ್ ಮಾಡಿದೆ. ಒಂದು ಸಾಲು ಸರಿಯಾಗಿ ಬರೆಯಲು ಹತ್ತು ಸಲ ಕೇಳಬೇಕು. ಮನೆಯಲ್ಲಿ ಕನ್ನಡ ಕೇಳಿಸುತ್ತಿದ್ದ ಹೊತ್ತು ಅದೊಂದೇ. ಬೇಗ ಮುಗಿದುಬಿಟ್ಟೀತು ಅಂತ ಹೆದರಿ, ಸರಿಯಾಗಿದ್ದುದನ್ನೂ ಮತ್ತೆ ಮತ್ತೆ ತಿದ್ದುತ್ತಿದ್ದೆ.

ಕೊನೆಗೊಂದು ದಿನ ಮುಗಿಯಿತು. ಪ್ರಾಜೆಕ್ಟ್ ಫೈಲ್ ಸೇವ್ ಮಾಡಿದೆ. ಜಾಗ ಸಾಲದು, ಜಾಗ ಸಾಲದು ಅಂತ ಲ್ಯಾಪ್‌ಟಾಪ್ ಒಂದೇ ಸಮನೆ ಹೇಳುತ್ತಿತ್ತು. ಫೋನಿನಲ್ಲಿದ್ದ ವಿಡಿಯೋಗಳನ್ನು ಅದಕ್ಕೆ ಹಾಕಿದ ದಿನವೇ ಫೋನಿಂದ ಅಳಿಸಿದ್ದೆ. ಈಗ ಲ್ಯಾಪ್‌ಟಾಪಿನಲ್ಲಿದ್ದ ಹದಿನೇಳನ್ನೂ ಅಳಿಸಿದೆ. ಹೆದರುವುದೇಕೆ, ಎಲ್ಲ ಫೈಲಿನಲ್ಲಿದೆಯಲ್ಲ! ನನ್ನ ಇಡೀ ನೌಕರಿಯಲ್ಲಿ ಫೈಲು ಅಂದರೆ ಒಂದು ಕಡೆ ಟಿಪ್ಪಣಿ, ಇನ್ನೊಂದು ಕಡೆ ಬಂದ ಕಾಗದಪತ್ರ. ಎರಡನ್ನೂ ಸೇರಿಸಿ ದಾರ ಕಟ್ಟಿದರೆ ಅದು ಫೈಲು. ಕಾಗದವಿಲ್ಲದ ಫೈಲನ್ನು ನಾನು ಕಂಡಿರಲೇ ಇಲ್ಲ.

ಈ ಫೈಲಿನಲ್ಲಿ ಬರೀ ಟಿಪ್ಪಣಿಯಿತ್ತು. ಯಾವ ತುಣುಕು ಎಲ್ಲಿಂದ ಎಲ್ಲಿಯವರೆಗೆ, ಯಾವುದರ ನಂತರ ಯಾವುದು, ಅಷ್ಟೇ. ವಿಡಿಯೋಗಳು ಬೇರೆ ಕಡೆ ಇರುತ್ತವೆ, ಇದು ಅಲ್ಲಿಂದ ತೆಗೆದು ತೋರಿಸುತ್ತದೆ. ಎಲ್ಲ ಸೇರಿ ಒಂದೇ ವಿಡಿಯೋ ಆಗಬೇಕಾದರೆ ರೆಂಡರ್ ಅನ್ನುವ ಇನ್ನೊಂದು ಕೆಲಸ ಮಾಡಬೇಕಿತ್ತು. ಇದೆಲ್ಲ ನನಗೆ ತಿಳಿದದ್ದು ಮಾರನೇ ದಿನ, ಹದಿನೇಳು ಕಡೆಯೂ ವಿಡಿಯೋ ಸಿಗುತ್ತಿಲ್ಲ ಅಂತ ಕಂಪ್ಯೂಟರ್ ಹೇಳಿದಾಗ. ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ರಿಪೇರಿ ಅಂಗಡಿಗೆ ಓಡಿದೆ. ಅಂಗಡಿಯವನು ಬಹಳ ಹೊತ್ತು ಹುಡುಕಿ, "ಅಂಕಲ್ ಜೀ, ಗಯಾ ಸಮಝಿಯೇ" ಅಂದ. ಮನೆಗೆ ಬಂದು ಅತ್ತೆ. ಆಸ್ಪತ್ರೆಯಲ್ಲೂ ಅಷ್ಟು ಅತ್ತಿರಲಿಲ್ಲ. ಅಲ್ಲಿ ಅವಳನ್ನು ಕಳೆದುಕೊಂಡದ್ದು ನನ್ನ ತಪ್ಪಿನಿಂದಲ್ಲ.

ವರ್ಷಾಬ್ದಿಕದ ದಿನ ಊಟವಾದ ಮೇಲೆ ಮಗಳಿಗೆ ಹೇಳಿದೆ. ಬೈದಿದ್ದರೆ ವಾಸಿಯಿತ್ತು. "ಅಚ್ಛಾ, ಏನು ಉಳಿದಿದೆಯೋ ಅದನ್ನೇ ತೋರಿಸಿ" ಅಂದಳು.

ಉಳಿದದ್ದು ನಾನು ಟೈಪ್ ಮಾಡಿದ ಸಾಲುಗಳು. ಪರದೆ ಕಪ್ಪು, ಸದ್ದಿಲ್ಲ. ಹೆಂಡತಿ ಮಾತಾಡಿದ ವೇಗದಲ್ಲೇ ಒಂದೊಂದು ಸಾಲು ಬಂದು ಹೋಗುತ್ತಿತ್ತು. ಮಗಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ, ನಾನು ಕಲಿಸಲಿಲ್ಲ. "ಅಪ್ಪ, ಪಢ್ ಕೇ ಸುನಾಯಿಯೇ ನಾ" ಅಂದಳು.

ಓದಿದೆ. ಬೀನ್ಸಿನ ಮಾತು, ಮೆಂತ್ಯದ ಮಾತು, ನಡುನಡುವೆ ಅವಳು ನನ್ನ ಕಡೆ ತಿರುಗಿ ಆಡಿದ್ದು. ಫೋನ್ ಕೆಳಗಿಡಿ, ಹಗ್ಗ ಹಿಡ್ಕೊಳ್ಳಿ. ನಗ್ತಾ ನಿಂತ್ಕೋಬೇಡಿ, ಬುಟ್ಟಿ ಎಳೀರಿ. ಮಗಳು ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದಳು. ಆಮೇಲೆ ಓಡುತ್ತಿದ್ದ ಸಾಲುಗಳನ್ನು ನಿಲ್ಲಿಸಿ, ಪರದೆಯ ಮೇಲೆ ಬೆರಳಿಟ್ಟಳು.

"ಇದನ್ನ ಬಿಟ್ಟು ಬಿಟ್ಟು ಓದ್ತಾ ಇದ್ದೀರಿ ನೀವು. ಎಷ್ಟೊಂದು ಸಲ ಬಂತು, ಸಾಲಿನ ಶುರುವಿನಲ್ಲೇ ಇದೇ ಒಂದಕ್ಷರ. ಯೇ ಕ್ಯಾ ಹೈ, ಅಪ್ಪ?"

ಅದು "ರೀ". ಮದುವೆಯಾದಂದಿನಿಂದ ಈ ಮನೆಯಲ್ಲಿ ನನ್ನ ಹೆಸರು ಅದೇ ಆಗಿತ್ತು. ಬೇಕೆಂದು ಬಿಟ್ಟದ್ದಲ್ಲ, ಬಾಯಿಗೆ ಬರಲಿಲ್ಲ. ಮಗಳು ಕಾಯುತ್ತಿದ್ದಳು. ಆ ಸಾಲನ್ನು ಪೂರ್ತಿ ಓದಿದೆ: "ರೀ, ಫೋನ್ ಕೆಳಗಿಡಿ."

ಓದಿ ಮುಗಿಸಿದ್ದೇ, "ಏನೇ?" ಅಂತ ಅಭ್ಯಾಸಬಲದಿಂದ ನಾಲಿಗೆ ತುದಿಗೆ ಬಂತು. ಮಗಳ ಮುಂದೆ ಅದನ್ನು ನುಂಗಿಕೊಂಡೆ.