ಹನ್ನೊಂದನೆಯವಳು

ಹರಾಜಿನಲ್ಲಿ ನನ್ನ ಹೆಸರು ಕೂಗಿದಾಗ ಸಭಾಂಗಣದಲ್ಲಿ ನಗು ಎದ್ದಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ನಗು ನನಗೆ ಇವತ್ತಿಗೂ ಹಿಡಿಸಿಲ್ಲ. ನಕ್ಕವರಲ್ಲಿ ಅರ್ಧದಷ್ಟು ಜನರಿಗೆ ನೇರ ಬಂದ ಚೆಂಡನ್ನು ನೇರ ತಡೆಯಲು ಬರುವುದಿಲ್ಲ. ಅದು ನನಗೂ ಗೊತ್ತು, ಅವರಿಗೂ ಗೊತ್ತು.

ನಮ್ಮ ಜಿಲ್ಲೆಗೆ ಹೊಸದಾಗಿ ಬಂದ ಹತ್ತು ಓವರಿನ ಕ್ರಿಕೆಟ್ ಲೀಗ್ ಅದು. ಟಿವಿಯಲ್ಲಿ ಬರುವ ದೊಡ್ಡ ಲೀಗಿನ ಹಾಗೆಯೇ ಊರಿಗೊಂದು ತಂಡ, ತಂಡಕ್ಕೊಬ್ಬ ಮಾಲೀಕ, ಮಾಲೀಕನಿಗೊಬ್ಬ ಮ್ಯಾನೇಜರ್. ನಾನಿದ್ದದ್ದು ಮಡಿಕೇರಿ ನಗರದ ತಂಡದಲ್ಲಿ. ಹೆಸರಿಗೆ ಮಡಿಕೇರಿ, ನಿಜವಾಗಿ ಮಡಿಕೇರಿ ಪೇಟೆಯವನು ನಮ್ಮ ಕ್ಯಾಪ್ಟನ್ ಒಬ್ಬನೇ. ಇಬ್ಬರು ಬೆಂಗಳೂರಿನಿಂದ ಕರೆಸಿದ ಹೊಡೆತಗಾರರು. ನನ್ನನ್ನು ಬಿಟ್ಟರೆ ಉಳಿದ ಏಳು ಜನ ನಾಪೋಕ್ಲು ಸುತ್ತಮುತ್ತ ಸ್ವಂತ ಕಾಫಿ ತೋಟ ಇಟ್ಟುಕೊಂಡವರು. ರೆಸಾರ್ಟ್ ನಡೆಸುವ ನಮ್ಮ ಮಾಲೀಕರನ್ನು ನಾನು ನೋಡಿದ್ದು ಜೆರ್ಸಿ ಹಂಚಿದ ದಿನ ಮಾತ್ರ.

ಪ್ರತಿ ತಂಡದ ಹನ್ನೊಂದು ಜನರಲ್ಲಿ ಒಬ್ಬ ಹೆಂಗಸು ಇರಲೇಬೇಕು ಎಂದು ಸಂಘಟಕರು ನಿಯಮ ಮಾಡಿದ್ದರು. ಪೇಪರಿನವರು ಅದನ್ನು ಹೊಗಳಿ ಬರೆದರು. ನನಗಂತೂ ಅದರಲ್ಲಿ ಹೊಗಳುವಂಥದ್ದೇನೂ ಕಾಣಲಿಲ್ಲ. ನಮ್ಮ ಕುಟುಂಬ ಕುಟುಂಬಗಳ ನಡುವೆ ನಡೆಯುವ ಪಂದ್ಯಗಳಲ್ಲಿ ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡುತ್ತಾರೆ. ಕೊಡಗಿನಲ್ಲಿ ಯಾರೂ ಅದನ್ನು ಸುದ್ದಿ ಎಂದುಕೊಳ್ಳುವುದಿಲ್ಲ. ಆದರೆ ಲೀಗಿನಲ್ಲಿ ಹೆಂಗಸು ಅಂದರೆ ಹನ್ನೊಂದನೆಯವಳು. ಬ್ಯಾಟಿಂಗಿಗೆ ಕೊನೆ, ಫೀಲ್ಡಿಂಗಿಗೆ ಚೆಂಡು ಬರದ ಮೂಲೆ. ಇಡೀ ಲೀಗಿನಲ್ಲಿ ನಾನು ಒಂದೇ ಒಂದು ಚೆಂಡು ಆಡಿರಲಿಲ್ಲ. ಫೈನ್ ಲೆಗ್ಗಿನಲ್ಲಿ ನಿಂತು ನಿಂತು ಅಲ್ಲಿನ ಹುಲ್ಲಿನ ಪರಿಚಯ ಚೆನ್ನಾಗಿ ಆಗಿತ್ತು.

ನಾನು ಎಸ್ಟೇಟೊಂದರಲ್ಲಿ ರೈಟರ್. ಬೆಳಿಗ್ಗೆ ಕೆಲಸದವರ ಹಾಜರಿ ಹಾಕುವುದು, ಸಂಜೆ ಕಾಫಿ ಪಿಕ್ಕಿಂಗಿನ ತೂಕ ಬರೆಯುವುದು ನನ್ನ ಕೆಲಸ. ಬ್ಯಾಟಿಂಗ್ ಕಲಿತದ್ದು ತವರಿನ ಕಾಫಿ ಕಣದಲ್ಲಿ. ಕೊಯ್ಲಿನ ಕಾಲದಲ್ಲಿ ಮನೆ ಮುಂದಿನ ಸಿಮೆಂಟಿನ ಕಣದ ತುಂಬ ಕಾಫಿ ಹಣ್ಣು ಹರಡಿರುತ್ತದೆ. ನಮ್ಮಪ್ಪ ಮಾತ್ರ ನಡುವೆ ಉದ್ದಕ್ಕೆ ಒಂದಷ್ಟು ಜಾಗ ಖಾಲಿ ಬಿಡುತ್ತಿದ್ದರು, ನಮ್ಮ ಪಿಚ್ ಅದು. ಚೆಂಡು ಗಾಳಿಯಲ್ಲಿ ಹೋಗಿ ಕಾಫಿಯ ಮೇಲೆ ಬಿದ್ದರೆ ಹೊಡೆದವರು ಔಟ್. ನೆಲದ ಮೇಲೆ ಉರುಳಿಕೊಂಡು ಹೋಗಿ ಕಾಫಿಯ ಅಂಚಿಗೆ ತಾಗಿದರೆ ಎರಡು ರನ್. ಹಾಗಾಗಿ ನನಗೆ ಸಿಕ್ಸರ್ ಹೊಡೆಯಲು ಬರುವುದಿಲ್ಲ. ಚೆಂಡನ್ನು ನೆಲದ ಮೇಲೆಯೇ ಬೇಕಾದ ಕಡೆಗೆ ಕಳಿಸಲು ಬರುತ್ತದೆ. ಮದುವೆಯಾಗಿ ಬಂದ ಮನೆಯಲ್ಲಿ ಅತ್ತೆ ಕಣದ ಈ ಅಂಚಿನಿಂದ ಆ ಅಂಚಿನವರೆಗೆ ಕಾಫಿ ಹರಡುತ್ತಿದ್ದರು. ಜಾಗ ಬಿಡಿ ಎಂದು ಕೇಳುವುದು ಹೇಗೆ? ಸೊಸೆ ಕೇಳುವ ಮಾತೇ ಅದು? ಕೇಳಲಿಲ್ಲ. ಬ್ಯಾಟು ಅಟ್ಟ ಸೇರಿತು.

ಫೈನಲ್ ನಮಗೂ ಪೊನ್ನಂಪೇಟೆ ತಂಡಕ್ಕೂ. ನಾಪೋಕ್ಲು ಬಳಿ ಕೊಯ್ಲು ಮುಗಿದ ಗದ್ದೆಯನ್ನು ಮಟ್ಟ ಮಾಡಿ ಮೈದಾನ ಮಾಡಿದ್ದರು. ಬೆಳಿಗ್ಗೆ ಮ್ಯಾನೇಜರ್ ನನ್ನ ಹತ್ತಿರ ಬಂದು ಸಮಾಧಾನ ಹೇಳುವವರ ಹಾಗೆ, "ಮೇಡಮ್, ಮುಂದಿನ ವರ್ಷ ಈ ಲೇಡಿ ಪ್ಲೇಯರ್ ರೂಲ್ ತೆಗೀತಾರಂತೆ. ಇವತ್ತು ಬ್ಯಾಟ್ ಹಿಡ್ಕೊಂಡು ಒಂದು ಫೋಟೋ ತೆಗೆಸ್ಕೊಳ್ಳಿ, ನೆನಪಿಗಿರುತ್ತೆ" ಎಂದರು.

ನನಗೆ ಮೈಯೆಲ್ಲ ಉರಿಯಿತು. ಬ್ಯಾಟ್ ಇರುವುದು ಫೋಟೋಕ್ಕಾ? "ಫೋಟೋ ಬೇಡ ಸರ್, ಬ್ಯಾಟಿಂಗ್ ಕೊಡಿ" ಎಂದೆ. ಅವರು ನಾನು ತಮಾಷೆ ಮಾಡಿದೆ ಅಂದುಕೊಂಡು ನಕ್ಕು ಹೋದರು. ಇವತ್ತು ಆಡದಿದ್ದರೆ ಈ ಲೀಗಿನಲ್ಲಿ ನಾನು ಇನ್ನು ಆಡುವುದಿಲ್ಲ, ಅಷ್ಟು ಸ್ಪಷ್ಟವಾಯಿತು. ನಲವತ್ತು ದಾಟಿದವಳಿಗೆ ಮುಂದಿನ ವರ್ಷ, ಅದರ ಮುಂದಿನ ವರ್ಷ ಎಂದು ಕಾಯಲು ಪುರುಸೊತ್ತಿಲ್ಲ.

ಪೊನ್ನಂಪೇಟೆಯವರು ಮೊದಲು ಆಡಿ ಎಪ್ಪತ್ತರ ಮೇಲೆ ಸ್ವಲ್ಪ ರನ್ ಮಾಡಿದರು. ಬಿಡುವಿನಲ್ಲಿ ನೀರು ಕುಡಿಯುತ್ತಿದ್ದಾಗ ಬೆಟ್ಟದ ಕಡೆಯಿಂದ ತಣ್ಣನೆಯ ಗಾಳಿ ಬೀಸಿತು. ಎಲ್ಲರೂ ಒಟ್ಟಿಗೆ ತಲೆ ಎತ್ತಿದರು. ಕಪ್ಪು ಮೋಡ. ಕಾಫಿ ಕೊಯ್ದು ಒಣಗಿಸುವ ಕಾಲದಲ್ಲಿ ಮಳೆ ಬಂದರೆ ಏನಾಗುತ್ತದೆಂದು ಬೆಂಗಳೂರಿನ ಇಬ್ಬರನ್ನು ಬಿಟ್ಟು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅರ್ಧ ಒಣಗಿದ ಕಾಫಿ ನೆನೆದರೆ ಬೂಸ್ಟು ಹಿಡಿದು ವಾಸನೆ ಬರುತ್ತದೆ, ವರ್ಷದ ದುಡಿಮೆ ಹೋಯಿತು.

ಮೊದಲು ಎದ್ದವನು ನಮ್ಮ ಓಪನರ್. "ಅಕ್ಕ, ಕಣದಲ್ಲಿ ಕಾಫಿ ಉಂಟು. ಈಗ ಬಂದೆ" ಎಂದು ಬೈಕ್ ಹತ್ತಿದ. ಪ್ಯಾಡ್ ಬಿಚ್ಚಲೇ ಇಲ್ಲ. ಅವನ ಹಿಂದೆ ಇನ್ನಿಬ್ಬರು. ಆಮೇಲೆ ಒಂದು ಜೀಪಿನಲ್ಲಿ ನಾಲ್ವರು. ಮ್ಯಾನೇಜರ್ ಕೈ ಬೀಸಿಕೊಂಡು ಜೀಪಿನ ಹಿಂದೆ ಸ್ವಲ್ಪ ದೂರ ಓಡಿದರು. "ರೀ, ಫೈನಲ್ ಕಣ್ರೀ ಇದು! ಕಪ್ ಇದೆ ಕಣ್ರೀ!" ಕಪ್ಪಿನಲ್ಲಿ ಕಾಫಿ ಒಣಗುತ್ತದೆಯೇ? ಜೀಪು ನಿಲ್ಲಲಿಲ್ಲ.

ಉಳಿದವರು ನಾಲ್ಕು ಜನ. ಬೆಂಗಳೂರಿನ ಇಬ್ಬರು, ಕ್ಯಾಪ್ಟನ್, ಮತ್ತೆ ನಾನು.

ನನ್ನ ಮನೆಯ ಕಣದಲ್ಲೂ ಕಾಫಿ ಇತ್ತು. ಗಂಡ ದೂರದ ಕುಟ್ಟದಲ್ಲಿ ಒಂದು ಸಾವಿನ ಮನೆಗೆ ಹೋಗಿದ್ದರು. ಮನೆಯಲ್ಲಿ ಅತ್ತೆ ಒಬ್ಬರೇ. ನಾನು ಸುಳ್ಳು ಹೇಳುವುದಿಲ್ಲ, ನನ್ನ ಕಾಲೂ ರಸ್ತೆ ಕಡೆಗೇ ತಿರುಗಿತ್ತು. ಫೋನ್ ಮಾಡಿದೆ. ನಾವು ಮನೆಯಲ್ಲಿ ಮಾತಾಡುವುದು ಅರೆಭಾಷೆ, ಅದರಲ್ಲಿ 'ಉಟ್ಟು' ಅಂದರೆ ಉಂಟು.

"ಅತ್ತೆ, ಮಳೆ ಬಾಕೆ ಉಟ್ಟು."

"ನಂಗೂ ಕಣ್ಣ್ ಉಟ್ಟು," ಎಂದರು ಅತ್ತೆ. ಕಾಫಿ ಎಳೆಯುವ ಹಲಗೆ ಸಿಮೆಂಟಿಗೆ ಉಜ್ಜುವ ಸದ್ದು ಆಗಲೇ ಕೇಳುತ್ತಿತ್ತು. "ನಿನ್ನ ಆಟ ಮುಗ್ತಾ?"

"ಇಲ್ಲೆ. ಇನ್ನೂ ಬ್ಯಾಟ್ ಮಾಡಿಕೆ ಉಟ್ಟು."

"ಹಂಗಾರೆ ಆಡ್. ಕಾಫಿ ನಾ ನೋಡ್ಕಣ್ನೆ," ಎಂದು ಫೋನ್ ಇಟ್ಟರು.

ಅಷ್ಟರಲ್ಲಿ ಮ್ಯಾನೇಜರ್ ಅಂಪೈರ್ ಹತ್ತಿರ ನಿಂತು ಪಂದ್ಯ ಬಿಟ್ಟುಕೊಡುವ ಮಾತು ತೆಗೆದಿದ್ದರು. "ಟೀಮೇ ಇಲ್ಲ ಸರ್, ಏನು ಆಡೋದು?" ನಾನು ಹೋಗಿ ನಡುವೆ ನಿಂತೆ. "ಯಾರು ಹೇಳಿದ್ದು ಇಲ್ಲ ಅಂತ? ನಾನು ಇದ್ದೇನಲ್ಲ. ನಾಲ್ಕು ಜನ ಇದ್ದೇವೆ, ಮೂರು ವಿಕೆಟ್ ಹೋಗುವವರೆಗೆ ಆಡ್ತೇವೆ." ಅಂಪೈರ್ ವಿರಾಜಪೇಟೆ ಕಡೆಯ ನಿವೃತ್ತ ಮೇಷ್ಟ್ರು, ಅವರ ಮನೆಯಲ್ಲೂ ಕಾಫಿ ಇತ್ತು. ಅವರು ಒಮ್ಮೆ ಮೋಡ ನೋಡಿದರು, ಒಮ್ಮೆ ನನ್ನನ್ನು ನೋಡಿದರು. "ಬೇಗ ಬೇಗ ಆಡಿ ಮಾರಾಯ್ತಿ," ಎಂದು ಬೇಲ್ಸ್ ಇಟ್ಟರು.

ಬೆಂಗಳೂರಿನ ಒಬ್ಬ ನಾಲ್ಕೈದು ಸಿಕ್ಸರ್ ಎತ್ತಿ, ಇನ್ನೊಂದು ಎತ್ತಲು ಹೋಗಿ ಬೌಂಡರಿಯಲ್ಲಿ ಕ್ಯಾಚ್ ಕೊಟ್ಟ. ಕ್ಯಾಪ್ಟನ್ ಬಂದ, ಸ್ವಲ್ಪ ಆಡಿದ, ಬೌಲ್ಡ್ ಆಗಿ ಹೋದ. ಈಗ ನನ್ನನ್ನು ಬಿಟ್ಟರೆ ಬೇರೆ ಗತಿ ಇರಲಿಲ್ಲ. ನಾನು ನಡೆದುಕೊಂಡು ಹೋದೆ. ಓಡಲಿಲ್ಲ. ಗಾಬರಿಯಾಗಿದೆ ಎಂದು ಯಾರಿಗೂ ಅನಿಸಬಾರದಿತ್ತು.

ಕ್ರೀಸಿನಲ್ಲಿ ನಿಂತು ಸುತ್ತ ನೋಡಿದರೆ ಪೊನ್ನಂಪೇಟೆಯ ಫೀಲ್ಡರುಗಳು ಒಬ್ಬೊಬ್ಬರಾಗಿ ಕರಗುತ್ತಿದ್ದರು! ಬೌಂಡರಿ ಹತ್ತಿರ ನಿಂತವನಿಗೆ ಮನೆಯಿಂದ ಫೋನು, ಅವನು ಹಾಗೆಯೇ ಗದ್ದೆ ಬದು ಹತ್ತಿ ಹೋದ. ಇನ್ನೊಬ್ಬ ಒಂದು ಓವರ್ ಮುಗಿಯುವಷ್ಟರಲ್ಲಿ ಕಾಣಲಿಲ್ಲ. ಅವರಿಗೂ ಕಣ, ಅವರಿಗೂ ಕಾಫಿ. ಕೊನೆಗೆ ಬೌಲರ್, ಕೀಪರ್ ಸೇರಿ ಆರು ಜನ ಉಳಿದರು.

ನನಗೆ ಬಂದ ಮೊದಲ ಚೆಂಡು ಎದೆ ಎತ್ತರಕ್ಕೆ ಬಂತು, ಬಿಟ್ಟೆ. ಎರಡನೆಯದನ್ನು ಪಾಯಿಂಟ್ ಕಡೆಗೆ ಮೆಲ್ಲಗೆ ತಳ್ಳಿದೆ. ಗದ್ದೆಯ ಕೂಳೆಗೆ ಸಿಕ್ಕಿದ ಚೆಂಡು ಅಲ್ಲೇ ನಿಂತಿತು. ಹೆಕ್ಕಲು ದೂರದಿಂದ ಯಾರಾದರೂ ಓಡಿ ಬರಬೇಕು. ಎರಡು ರನ್. ಆಮೇಲೆ ಇನ್ನೊಂದು ಕಡೆಗೆ ತಳ್ಳಿದೆ, ಮತ್ತೆ ಎರಡು. ನನ್ನ ತವರಿನ ಕಣವೇ ಅದು, ಸ್ವಲ್ಪ ದೊಡ್ಡದು ಅಷ್ಟೆ. ಬೆಂಗಳೂರಿನವನು ಏದುಸಿರು ಬಿಡುತ್ತ ಬಂದು, "ಅಕ್ಕ, ಒಂದು ಎತ್ತಿ ಹೊಡೀರಿ, ಓಡೋಕಾಗ್ತಿಲ್ಲ" ಎಂದ. "ಎತ್ತಿ ಹೊಡೆದರೆ ಔಟು. ನೀನು ಓಡು" ಎಂದೆ. ಪಾಪ, ಓಡಿದ.

ಎಷ್ಟು ಖುಷಿಯಾಗಿತ್ತು ನನಗೆ! ಹನಿ ಬೀಳುತ್ತಿತ್ತು, ಮನೆಯಲ್ಲಿ ಕಾಫಿ ನೆನೆಯುತ್ತಿರಬಹುದು, ಆದರೂ ಖುಷಿ. ಕೊನೆಯ ಓವರಿನಲ್ಲಿ ನಾಲ್ಕು ರನ್ ಬೇಕಿದ್ದಾಗ ಮಳೆ ಧೋ ಎಂದು ಸುರಿಯಿತು. ಅಂಪೈರ್ ಸ್ಟಂಪ್ ಕಿತ್ತು ಕಂಕುಳಲ್ಲಿಟ್ಟುಕೊಂಡು ಓಡಿದರು.

ಕಪ್ ಪೊನ್ನಂಪೇಟೆಗೆ ಹೋಯಿತು. ನಮ್ಮ ತಂಡ ಪೂರ್ತಿ ಇರಲಿಲ್ಲವಂತೆ, ಅದು ಸಂಘಟಕರ ತೀರ್ಮಾನ. ಅವರದೂ ಪೂರ್ತಿ ಇರಲಿಲ್ಲ, ಅದನ್ನು ಯಾರೂ ಎಣಿಸಲಿಲ್ಲ. ಇರಲಿ. ನಾನು ಔಟಾಗಿರಲಿಲ್ಲ.

ಮನೆಗೆ ಬಂದಾಗ ಅತ್ತೆ ತೊಯ್ದು ತೊಪ್ಪೆಯಾಗಿ ಜಗಲಿಯಲ್ಲಿ ಕೂತಿದ್ದರು. ಕೆಲಸದವರು ಇರುವ ಲೈನಿನಿಂದ ಇಬ್ಬರು ಹೆಂಗಸರನ್ನು ಕರೆದುಕೊಂಡು ಮುಕ್ಕಾಲು ಪಾಲು ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಮುಚ್ಚಿದ್ದರು. ಒಂದು ಮೂಲೆಯದು ನೆನೆದಿತ್ತು. ನಾನು ಏನಾದರೂ ಹೇಳುವ ಮೊದಲೇ ಅವರು ಕೇಳಿದರು, "ಔಟಾದ್ಯಾ?"

"ಇಲ್ಲೆ" ಎಂದೆ. ಅವರು ತಲೆ ಒರೆಸಿಕೊಳ್ಳಲು ಒಳಗೆ ಹೋದರು.

ನೆಂಟರಲ್ಲಿ ಸುದ್ದಿ ಹಬ್ಬಿತು. ಕಾಫಿ ನೆನೆಸಿ ಕ್ರಿಕೆಟ್ ಆಡಿದ ಸೊಸೆ ಎಂದು ಮದುವೆ ಮನೆಗಳಲ್ಲಿ ನನ್ನನ್ನು ತೋರಿಸುತ್ತಿದ್ದರು. ಹೌದು, ನಾನೇ, ಎಂದು ಹತ್ತಿರ ಹೋಗಿ ಹೇಳಿ ಬರುತ್ತಿದ್ದೆ.

ಮಳೆಗಾಲ ಕಳೆದ ಮೇಲೆ ಸಂಘಟಕರು ಸಭೆ ಕರೆದರು. ಹೆಂಗಸರ ಜಾಗ ತೆಗೆದಿದ್ದೇವೆ ಎಂದು ಒಬ್ಬರು ಎದ್ದು ಹೇಳಿದರು. ಕಾರಣವನ್ನೂ ಕೊಟ್ಟರು: "ಹೆಂಗಸರಿಗೆ ಮನೆ ಜವಾಬ್ದಾರಿ ಇರ್ತದೆ. ಮ್ಯಾಚ್ ಮಧ್ಯದಲ್ಲಿ ಎದ್ದು ಹೋಗುವ ಹಾಗೆ ಆಗಬಾರದು."

ನಾನು ಎದ್ದು ನಿಂತೆ. "ಫೈನಲ್ ದಿನ ಎದ್ದು ಹೋದವರು ಕೈ ಎತ್ತಿ," ಎಂದೆ. ಯಾರೂ ಎತ್ತಲಿಲ್ಲ. ನಮ್ಮ ಓಪನರ್ ಚಪ್ಪಲಿ ನೋಡಿಕೊಳ್ಳುತ್ತಿದ್ದ. "ಎದ್ದು ಹೋದದ್ದು ತಪ್ಪು ಅಂತ ನಾನು ಹೇಳ್ತಾ ಇಲ್ಲ. ಕಾಫಿ ಬಿಟ್ಟು ಯಾರು ಆಡ್ತಾರೆ? ಆದರೆ ಅದನ್ನು ನನ್ನ ತಲೆಗೆ ಕಟ್ಟಬೇಡಿ. ಹೆಂಗಸರ ಜಾಗ ನನಗೂ ಬೇಡ. ಆಟಗಾರರ ಜೊತೆ ನನ್ನ ಹೆಸರೂ ಹಾಕಿ. ಮೂರನೇ ನಂಬರಿಗೆ ಆಡ್ತೇನೆ." ಈ ಸಲ ಯಾರೂ ನಗಲಿಲ್ಲ. ಹೆಸರು ಹಾಕಿಕೊಂಡರು. ಯಾರಾದರೂ ಕೊಳ್ಳುತ್ತಾರೋ ಇಲ್ಲವೋ, ಹರಾಜಿನ ದಿನ ನಾನು ಮುಂದಿನ ಸಾಲಿನಲ್ಲೇ ಕೂರುತ್ತೇನೆ.

ಈ ವರ್ಷದ ಕೊಯ್ಲು ಶುರುವಾಗಿದೆ. ಮೊನ್ನೆ ಎಸ್ಟೇಟಿನಿಂದ ಬಂದು ನೋಡಿದರೆ ಅತ್ತೆ ಕಣದಲ್ಲಿ ಮೊದಲ ಕಾಫಿ ಹರಡಿ ಮುಗಿಸಿದ್ದರು. ಎಡಕ್ಕೆ ಕಾಫಿ, ಬಲಕ್ಕೆ ಕಾಫಿ. ನಡುವೆ ಉದ್ದಕ್ಕೆ ಬರೀ ಸಿಮೆಂಟು, ಗುಡಿಸಿ ಚೊಕ್ಕಟ ಮಾಡಿದ್ದು. ಅದರ ಆ ತುದಿಯಲ್ಲಿ ಅತ್ತೆ ಸೀರೆಯ ಸೆರಗು ಸಿಕ್ಕಿಸಿ ನಿಂತಿದ್ದರು, ಕೈಯಲ್ಲಿ ಚೆಂಡು.

"ಕಾಫಿ ಮೇಲೆ ಬಿದ್ದರೆ ಔಟ್," ಎಂದರು.

ನಾನು ಚಪ್ಪಲಿ ಬಿಟ್ಟು ಬ್ಯಾಟು ತರಲು ಅಟ್ಟಕ್ಕೆ ಓಡಿದೆ.