ಹತ್ತು ತಾಸಿನ ಮೋಟಾರು

ಮಹೆಬೂಬ್ ಚಾಚಾ ಅವರಿಗೆ ಮಾತಿಗಿಂತ ಮೊದಲು ಸಿಟ್ಟು ಬರುತ್ತಿತ್ತು. ಬೀದರಿನಲ್ಲಿ ನೀರೆತ್ತುವ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಅವರದು. ಸುಟ್ಟ ಮೋಟಾರು ತಂದವನನ್ನು ಮೊದಲು ಮನಸಾರೆ ಬೈದು, ಆಮೇಲೆ ಚಹಾ ತರಿಸುತ್ತಿದ್ದರು. ಬೈಗುಳಕ್ಕೆ ಹೆದರಿ ಅಂಗಡಿ ಬಿಟ್ಟವರನ್ನು ನಾನು ಕಾಣೆ.

ನಾನು ಭಾಲ್ಕಿಯಲ್ಲಿ ವಿಜ್ಞಾನದ ಮಾಸ್ತರ, ಅವರ ಹಳೆಯ ಗಿರಾಕಿ. ಎಲೆಕ್ಟ್ರಿಕ್ ಕಾರು ಕೊಂಡು ಅವರಿಗೆ ತೋರಿಸಲು ಒಯ್ದೆ. "ಮೊಬೈಲ್ ಚಾರ್ಜ್ ಮಾಡಿದಂಗೇ ಅಂತ ಶೋರೂಮಿನವರು ಹೇಳ್ಯಾರ್ರಿ" ಎಂದೆ. ಅಷ್ಟೇ ಸಾಕಾಯಿತು.

"ಯಾವ ಬೇವಕೂಫ್ ಹೇಳ್ದಾಂವ? ಬ್ಯಾಟರಿ ಎಷ್ಟು ಯುನಿಟ್?"

"ಮೂವತ್ತೇಳು."

"ಅರೇ ಮಾಸ್ತರ, ಐದು ಎಚ್‌ಪಿ ಮೋಟಾರ್ ಹತ್ತು ತಾಸು ನಡದಷ್ಟು ಕರೆಂಟ್ ಆತದು! ಎರಡು ಸಾವಿರಕ್ಕ ಮ್ಯಾಲ ಮೊಬೈಲ್ ಅದರ ಹೊಟ್ಯಾಗ ಹೋಗ್ತಾವ. ದಪ್ಪ ವಾಯರ್ ಬ್ಯಾರೆ ಎಳೀದೆ ಎಲ್ಲಿಯೂ ಹಚ್ಚಬ್ಯಾಡ್ರಿ."

ಭಾಲ್ಕಿಯ ಮನೆಗೆ ತಾವೇ ಬಂದು ವಾಯರ್ ಎಳೆದುಕೊಟ್ಟರು. ನನಗೆ ಬುದ್ಧಿ ಬರಲಿಲ್ಲ. ಔರಾದ ತಾಲ್ಲೂಕಿನ ಡಾಬಕಾದಲ್ಲಿ ನನ್ನ ಮಾವನ ಮನೆ. ಅಲ್ಲಿಗೆ ಕಾರಿನಲ್ಲೇ ಹೋದವನು, ಟಿವಿಯ ಎಕ್ಸ್‌ಟೆನ್ಶನ್ ಬೋರ್ಡಿಗೆ ಚಾರ್ಜರ್ ಸಿಕ್ಕಿಸಿ, ಚಾಚಾಗೆ ಫೋನು ಮಾಡಿ, "ಡಾಬಕಾದಾಗ ಮಾವನ ಮನ್ಯಾಗ ಟಿವಿ ಬೋರ್ಡಿಗೇ ಹಚ್ಚೀನ್ರಿ" ಎಂದು ಜಂಬ ಕೊಚ್ಚಿಕೊಂಡೆ. "ತಗೀರಿ ಅದನ್ನ!" ಎಂದು ಕಿರುಚಿದರು. ನಾನು ನಕ್ಕು ಫೋನಿಟ್ಟೆ. ಮತ್ತೆ ಮತ್ತೆ ಬಂದ ಕರೆಗಳನ್ನು ಎತ್ತಲಿಲ್ಲ.

ಮಧ್ಯಾಹ್ನ ಚಾಚಾ ಬಾಗಿಲಲ್ಲಿದ್ದರು. ಔರಾದದಲ್ಲಿ ಬಸ್ಸು ಬದಲಿಸಿ ಬಂದಿದ್ದರು. ಯಾರನ್ನೂ ಕೇಳದೆ ಒಳಗೆ ನುಗ್ಗಿ ಮೇನ್ ಸ್ವಿಚ್ ಇಳಿಸಿದರು. ಬೋರ್ಡಿನ ವಾಯರಿನ ಮೇಲಿನ ಪ್ಲಾಸ್ಟಿಕ್ ಕರಗಿ ಗೋಡೆಗೆ ಅಂಟಿಕೊಂಡಿತ್ತು.

"ಈ ಗ್ವಾಡಿ ಹಿಂದ ನಿಮ್ಮ ಅತ್ತಿ ಮಲಗ್ಯಾಳ, ಖಬರ್ ಅದ ಏನ್ರಿ? ಸಾಲ್ಯಾಗ ಮಕ್ಕಳಿಗೆ ಏನ್ ಕಲಸ್ತೀರಿ ನೀವು?"

ಬೀಗರೆದುರು ಮಾನ ಹೋಯಿತೆಂದು ನನಗೆ ಸಿಟ್ಟು ನೆತ್ತಿಗೇರಿತು. "ಸಾಲ್ಯಾಗ ನಾಲ್ಕನೇತ್ತಾ ತನಕ ಕಲಿತವರು ನನಗ ಸೈನ್ಸ್ ಹೇಳಬ್ಯಾಡ್ರಿ" ಎಂದುಬಿಟ್ಟೆ. ಚಾಚಾ ಬೈಯಲಿಲ್ಲ. ಮಾವ ಕೊಟ್ಟ ನೀರನ್ನೂ ಕುಡಿಯದೆ ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಕ್ಷಮೆ ಕೇಳಲು ಎಂಟು ದಿನ ತಡಮಾಡಿದೆ. ಹೋದಾಗ ಅಂಗಡಿಯ ಶಟರ್ ಇಳಿದಿತ್ತು.

"ಎದಿ ನೋವಂತರಿ. ತೀರಿಕೊಂಡು ನಾಕ್ ದಿನ ಆತು" ಎಂದ ಪಕ್ಕದ ದರ್ಜಿ.

"ನನ್ನ ಸುದ್ದಿ ಏನರೆ ಹೇಳಿದ್ರೇನು? ಬೈದ್ರೇನು?"

"ಇಲ್ರಿ ಸರ್. ಡಾಬಕಾದಿಂದ ಬಂದ ದಿನ ಬಾಳ ಖುಷಿ ಇದ್ರು. 'ಬಸ್ ಟೈಮಿಗಿ ಸಿಕ್ತು, ಮುದುಕಿ ಉಳೀತು' ಅಂತ ಅಷ್ಟೇ ಅಂದ್ರು."