ಬುಟ್ಟಿಯಿಲ್ಲದ ಚಿತ್ರ

ಮೊನ್ನೆ ಹಲಸೂರಿನ ತಂಗಿಯ ಮನೆಯಲ್ಲಿ ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚುತ್ತಿದ್ದರು. ಆ ವಾಸನೆಗೆ, ರಸೆಲ್ ಮಾರುಕಟ್ಟೆಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದ ನಿಂಬೆಹಣ್ಣಿನಮ್ಮ ನೆನಪಾದರು. ಕಲಬುರಗಿ ಕಡೆಯವರು. ಹೆಸರು ಕೇಳಿದ್ದೆನೋ ಇಲ್ಲವೋ...

ಆಗ ನನ್ನ ಮನೆ ವಿಮಾನಪುರದಲ್ಲಿತ್ತು. ಭಾನುವಾರ ಬಂದರೆ ಉದ್ದನೆಯ ಟೆಲಿಫೋಟೋ ಲೆನ್ಸ್ ಹೆಗಲಿಗೇರಿಸಿಕೊಂಡು ಶಿವಾಜಿನಗರಕ್ಕೆ ಹೋಗುತ್ತಿದ್ದೆ. ದೂರದಿಂದ ತೆಗೆದರೆ ಜನಕ್ಕೆ ಗೊತ್ತಾಗುವುದಿಲ್ಲ, ಮುಖ ಸಹಜವಾಗಿ ಸಿಗುತ್ತದೆ ಎಂದು ನಂಬಿದ್ದೆ. ಒಂದು ಬೆಳಿಗ್ಗೆ, ಗಿರಾಕಿಯೊಬ್ಬ ಮೂಸಿ ನೋಡಿದ ಹಣ್ಣನ್ನು ವಾಪಸು ಕೇಳುತ್ತಾ ಅಮ್ಮ ಕೈ ಚಾಚಿದ್ದರು. ಕ್ಲಿಕ್ಕಿಸಿದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಗಿರಾಕಿಯನ್ನು ಕತ್ತರಿಸಿದೆ, ಬುಟ್ಟಿಯನ್ನೂ ಕತ್ತರಿಸಿದೆ, ಬಣ್ಣ ತೆಗೆದು ಮುಖದ ಸುಕ್ಕುಗಳನ್ನು ಇನ್ನಷ್ಟು ಕಪ್ಪಾಗಿಸಿದೆ. ರಸ್ತೆಯಾಚೆ ಚರ್ಚಿನ ಗೇಟಿನ ಬಳಿ ಸಾಲಾಗಿ ಕೂತಿದ್ದ ಭಿಕ್ಷುಕರು, ದೂರದ್ದನ್ನು ಹತ್ತಿರಕ್ಕೆ ಎಳೆಯುವ ಆ ಲೆನ್ಸಿನಲ್ಲಿ ಅಮ್ಮನ ಬೆನ್ನಿಗೇ ಅಂಟಿಕೊಂಡಂತೆ ಕಂಡಿದ್ದರು. ಚೆನ್ನಾಗಿ ಬಂದಿದೆ ಎಂದು ಹಿಗ್ಗಿದೆ. ಪ್ರವಾಸದ ಪತ್ರಿಕೆಯೊಂದು ಅದನ್ನು ಅಚ್ಚು ಹಾಕಿತು.

ಮೂರು ವಾರದ ಮೇಲೆ ಮಾರುಕಟ್ಟೆಗೆ ಹೋದಾಗ ಅವರೇ ಎದ್ದು ಬಂದು ದಾರಿಗೆ ಅಡ್ಡ ನಿಂತರು. ಕೈಯಲ್ಲಿದ್ದ ಮೊಬೈಲಿನಲ್ಲಿ ನಾನು ತೆಗೆದ ಆ ಚಿತ್ರ. ಉದ್ದ ಲೆನ್ಸಿನವನು ನಾನೇ ಎಂದು ಪಕ್ಕದ ಹೂವಿನವರು ಹೇಳಿದ್ದರಂತೆ.

“ನಾ ಯಾವಾಗ ಭಿಕ್ಷಾ ಬೇಡೀನ್ರಿ ಸರ? ಬೀಗರು ನೋಡ್ಯಾರ. ವ್ಯಾಪಾರ ಅಂತ ಸುಳ್ಳ ಹೇಳೀರಿ, ನಿಮ್ಮ ಮಗಳು ಬ್ಯಾಡ ಅಂತಾರ.”

ಅವರ ದನಿ ಏರಲಿಲ್ಲ. ಸುತ್ತ ಜನ ಸೇರತೊಡಗಿದರು. ಬುಟ್ಟಿ ಇರುವ ಮೂಲ ಚಿತ್ರವನ್ನೇ ಬೀಗರಿಗೆ ತೋರಿಸುತ್ತೇನೆ ಎಂದು ಹೇಳಿ ಮನೆಗೆ ಓಡಿದೆ. ಅದನ್ನು ಅಳಿಸಿಬಿಟ್ಟಿದ್ದೆನೋ ಏನೋ ಎಂಬ ಭಯ ಬೇರೆ... ಮಧ್ಯಾಹ್ನವೆಲ್ಲ ಹುಡುಕಿದ ಮೇಲೆ ಸಿಕ್ಕಿತು. ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು, ಅಮ್ಮನ ಜೊತೆ ಕೆ.ಆರ್. ಪುರದಲ್ಲಿದ್ದ ಬೀಗರ ಬಾಡಿಗೆ ಕೋಣೆಗೆ ಹೋದೆ. ಗಂಡಿನ ತಂದೆ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

“ಕತ್ತರಸಾಕ ಬರೋರಿಗಿ ಜೋಡಸಾಕ ಬರಂಗಿಲ್ಲೇನ್ರಿ?” ಎಂದರು.

ಬುಟ್ಟಿಯನ್ನು ನಾನೇ ಆಮೇಲೆ ಅಂಟಿಸಿದ್ದೇನೆ ಎಂಬ ಅನುಮಾನ ಅವರಿಗೆ. ಅಮ್ಮ ನೆಲ ನೋಡುತ್ತಾ ಕೂತಿದ್ದರು. “ಒಂದ್ಸಲ ಮಾರ್ಕೆಟ್ಟಿಗೆ ಬನ್ನಿ. ನಾನು ನಿಂತಿದ್ದ ಜಾಗದಲ್ಲೇ ನಿಂತು ನೋಡಿ,” ಎಂದು ಕೇಳಿಕೊಂಡೆ.

ಮರುದಿನ ಬೆಳಿಗ್ಗೆ ಗಂಡಿನ ತಂದೆ ಬಂದರು. ನಾನು ಹೇಳಿದಲ್ಲಿ ನಿಂತು ಕ್ಯಾಮೆರಾಕ್ಕೆ ಕಣ್ಣಿಟ್ಟರು. ಭಿಕ್ಷುಕರು ಅಮ್ಮನ ಹೆಗಲಿಗೇ ತಾಗಿದ ಹಾಗಿದ್ದರು. ಕ್ಯಾಮೆರಾ ನನ್ನ ಕೈಗೆ ಕೊಟ್ಟು, ಬುಟ್ಟಿಯಿಂದ ಚರ್ಚಿನ ಗೇಟಿನವರೆಗೆ ಎಣಿಸುತ್ತಾ ನಡೆದರು. ಅರವತ್ತೆರಡು ಹೆಜ್ಜೆ. ವಾಪಸು ಬಂದು, ಅಮ್ಮ ಗಿರಾಕಿಗೆ ಹಣ್ಣು ಆರಿಸಿಕೊಡುವುದನ್ನು ನೋಡುತ್ತಾ ನಿಂತರು.

“ಲಗ್ನದ ಮಾತು ಆಮ್ಯಾಲ ಆಡೋಣು,” ಎಂದರು ಕೊನೆಗೆ. “ಮೊದಲ ಒಂದ್ ಚಹಾ ಕುಡಸ್ರಿ, ಬೀಗತಿ.”

ಮದುವೆ ನಡೆಯಿತು. ಅಮ್ಮ ನನ್ನನ್ನೂ ಕರೆದಿದ್ದರು. “ಕ್ಯಾಮೆರಾ ಮಾತ್ರ ತರಬ್ಯಾಡ್ರಿ,” ಎಂದಿದ್ದರು. ಆಮೇಲೆ ಯಾರಾದರೂ ಫೋನ್ ಎತ್ತಿ ಹಿಡಿದರೆ ಸಾಕು, ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು. ನಾನು ಆ ಲೆನ್ಸ್ ಮಾರಿದೆ. ಆ ಕಡೆ ಹೋಗುವುದೂ ಕಡಿಮೆಯಾಯಿತು...

ಮೊನ್ನೆ ತಂಗಿಯ ಮನೆಯಿಂದ ನೇರ ಅಲ್ಲಿಗೇ ಹೋದೆ. ಅವರ ಜಾಗದಲ್ಲಿ ಯಾರೋ ಮೊಬೈಲ್ ಕವರು ಮಾರುತ್ತಿದ್ದರು. “ಆಯಮ್ಮ ತೀರ್ಕೊಂಡು ಎರಡು ವರ್ಷ ಆಯ್ತಲ್ಲ ಸಾರ್,” ಎಂದರು ಹೂವಿನವರು. ನನಗೆ ಗೊತ್ತೇ ಇರಲಿಲ್ಲ.

ಆ ಕತ್ತರಿಸಿದ ಚಿತ್ರ ಈಗಲೂ ಯಾರ್ಯಾರದೋ ಫೋನುಗಳಲ್ಲಿ ಓಡಾಡುತ್ತಿದೆ. ಕೆಳಗೆ ‘ಪಾಪ’ ಎಂದು ಬರೆಯುತ್ತಾರೆ. ಎಷ್ಟು ಜನಕ್ಕೆ ಬರೆದು ಕೇಳಿಕೊಂಡರೂ ಅದನ್ನು ತೆಗೆಸಲು ನನ್ನಿಂದ ಆಗಿಲ್ಲ.